ಪಾಂಡರಿಂಗ್ ಎಂಬ ದೋಷ

ತಕ್ಕಡಿ ರಿಪೇರಿ ಮಾಡುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸರಕಾರಿ ಕಾಗದಗಳಲ್ಲಷ್ಟೇ ಉಳಿದುಕೊಂಡಿತ್ತು. ಬೀದಿಯವರ ಬಾಯಲ್ಲಿ ಅವನು ಮಿಲಿಗ್ರಾಂ. ಯಾರಾದರೂ ‘ಚೂರು ಆ ಕಡೆ ಸರೀರಿ’ ಎಂದರೆ ‘ಚೂರು ಅಂದ್ರೆ ಎಷ್ಟು?’ ಎಂದು ಕೇಳುವ ಆಸಾಮಿ. ಅಂಗಡಿಯ ಇನ್ನರ್ಧದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದ ಅವನ ಅಕ್ಕ ಈ ಗುಣವನ್ನು ಒಂದು ದಿನವೂ ಹೊಗಳಿದ್ದಿಲ್ಲ.

“ಮೂರು ಹೆಣ್ಣು ನೋಡಿದ್ವಿ ಇವನಿಗೆ. ಮೂರು ಸಲಾನೂ ಇವನು ಅಳೆದೂ ಸುರಿದೂ, ಅಳೆದೂ ಸುರಿದೂ, ಅಷ್ಟರಲ್ಲಿ ಆ ಮೂವರಿಗೂ ಮದುವೆ ಆಗಿ ಮಕ್ಕಳಾಗಿ, ಆ ಮಕ್ಕಳ ಯೂನಿಫಾರಂ ನಾನೇ ಹೊಲಿದೆ” ಎಂದು ಅಳತೆ ಕೊಡಲು ಬಂದವರಿಗೆಲ್ಲ ಟೇಪು ಹಿಡಿದುಕೊಂಡೇ ಹೇಳುತ್ತಿದ್ದಳು.

ಹಾಗೆ ನಲವತ್ತೊಂಬತ್ತು ವರ್ಷ ಅಳೆದು ಸುರಿದವನು, ಹೋದ ಗುರುವಾರ ಕಾಲೇಜಿನ ತಕ್ಕಡಿ ಕೋಣೆಯಲ್ಲಿ ಮಾಡಿದ ಕೆಲಸ ಅವನಿಗೇ ನಂಬಲಾಗದಂಥದ್ದು.

ಆ ಕೋಣೆ ರಸಾಯನಶಾಸ್ತ್ರದ ಲ್ಯಾಬಿನ ಒಳಗೆ ಇನ್ನೊಂದು ಪುಟ್ಟ ಕೋಣೆ. ಗಾಳಿಯಾಡಿದರೆ ತೂಕ ತಪ್ಪುತ್ತದೆಂದು ಅಲ್ಲಿ ಫ್ಯಾನಿಲ್ಲ, ಕಿಟಕಿ ತೆಗೆಯುವಂತಿಲ್ಲ. ಗೋಡೆಗುಂಟ ಒಂದು ದಪ್ಪ ಕಲ್ಲಿನ ಕಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಆರು ತಕ್ಕಡಿಗಳು, ತುದಿಯಲ್ಲಿ ಹಳೆಯ ಕಾಲದ ಏಳನೆಯದೊಂದು. ವರ್ಷಕ್ಕೆರಡು ಸಲ ಮಿಲಿಗ್ರಾಂ ಬಂದು ಅವನ್ನು ಪರೀಕ್ಷಿಸುತ್ತಿದ್ದ. ಅವನು ಮುಳ್ಳು ತೋರಿಸಿದ್ದನ್ನು ಓದುತ್ತಾನೆ, ಲ್ಯಾಬ್ ಮೇಡಂ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಇದೇ ಕ್ರಮ. ಮಾತು ಕಮ್ಮಿ, ಏಕೆಂದರೆ ಜೋರಾಗಿ ಮಾತಾಡಿದರೂ ಮುಳ್ಳು ಅಲುಗುತ್ತದೆ. ಇಬ್ಬರೂ ಪಿಸುದನಿಯಲ್ಲಿ, ಉಸಿರನ್ನೂ ಒಂದು ಕಡೆ ತಿರುಗಿಸಿ ಬಿಡುತ್ತ, ಹನ್ನೊಂದು ವರ್ಷ ಹೆಚ್ಚಾಗಿ ಅಂಕಿಗಳನ್ನೇ ಹೇಳಿಕೊಂಡಿದ್ದರು. ಅಂಕಿಗಳ ನಡುನಡುವೆ ಮೇಡಂ ಒಂದೊಂದು ಒಣ ತಮಾಷೆ ಎಸೆಯುತ್ತಿದ್ದರು. ನಗು ಬಂದರೆ ಮುಳ್ಳು ಅಲುಗುತ್ತದಲ್ಲ, ಮಿಲಿಗ್ರಾಂ ಅದನ್ನು ತುಟಿ ಕಚ್ಚಿ ತಡೆದುಕೊಂಡು ಬೀದಿಗೆ ಬಂದ ಮೇಲೆ ನಗುತ್ತಿದ್ದ. ಬೀದಿಯಲ್ಲಿ ಒಬ್ಬನೇ ನಗುತ್ತ ಬರುವವನನ್ನು ನೋಡಿ ಜನ ದಾರಿ ಬಿಡುತ್ತಿದ್ದುದೂ ಉಂಟು.

ಗುರುವಾರ ಆರನೆಯ ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದಾಗ ಅವನ ಬಾಯಿಂದ ಬಂದ ಮಾತು ಅಂಕಿಯಾಗಿರಲಿಲ್ಲ.

“ಮೇಡಂ, ನಾವಿಬ್ರೂ ಮದುವೆ ಆಗ್ಬಹುದಾ?”

ಮೇಡಂ ಬರೆಯುತ್ತಿದ್ದ ಅಂಕಿಯನ್ನು ತಪ್ಪಾಗಿ ಬರೆದು ಹೊಡೆದುಹಾಕಿದರು. ಹನ್ನೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ಬಿದ್ದ ಮೊದಲ ಕಾಟು ಅದು. ಆಮೇಲೆ, ಅದೇ ಪಿಸುದನಿಯಲ್ಲಿ, “ಈಗಿಂದೀಗ ಏನೂ ಹೇಳೋಕಾಗಲ್ಲ. ತಿಳಿಸ್ತೀನಿ” ಎಂದರು. ಅವನು “ನಿಧಾನ, ನಿಧಾನ” ಎಂದು ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಬಂದುಬಿಟ್ಟ. ಬಾಗಿಲ ಬಳಿ ಮೇಡಂ ಕೂಗಿ ಹೇಳಿದ್ದು ಇಷ್ಟೇ: “ಆ ಏಳನೇದು, ಹಳೇದು, ಸರ್ವಿಸಿಗೆ ಸೋಮವಾರ ಅಂಗಡಿಗೆ ಕಳಿಸ್ತೀನಿ.”

ಶುಕ್ರವಾರ, ಶನಿವಾರ, ಭಾನುವಾರ. ಅಂಗಡಿಯ ಮುಂದೆ ಯಾವ ಸೈಕಲ್ ನಿಂತರೂ ಮಿಲಿಗ್ರಾಂ ಎದ್ದು ಹೊರಗೆ ಬಂದು ನೋಡುತ್ತಿದ್ದ. ಪತ್ರವೊಂದು ಬರುತ್ತದೆ, ಅದು ಲಕೋಟೆಯಲ್ಲಿರುತ್ತದೆ, ಲಕೋಟೆಯ ಮೇಲೆ ಮೇಡಂ ಅವರ ಆ ಸಣ್ಣ ನೇರ ಅಕ್ಷರಗಳಿರುತ್ತವೆ ಎಂದು ಅವನು ಮನಸ್ಸಿನಲ್ಲೇ ಪಕ್ಕಾ ಮಾಡಿಕೊಂಡಿದ್ದ. ಅಕ್ಕನಿಗೆ ಬಾಯಿ ಬಿಟ್ಟಿರಲಿಲ್ಲ. ಅಕ್ಕನಿಗೆ ಹೇಳಿದರೆ ಆ ಸಂಜೆಯೇ ಇಡೀ ಬೀದಿಗೆ ಹೇಳಿದ ಹಾಗೆ.

ಸೋಮವಾರ ಹನ್ನೊಂದು ಗಂಟೆಗೆ ಕಾಲೇಜಿನ ಅಟೆಂಡರ್ ಆ ಹಳೆಯ ತಕ್ಕಡಿಯ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಅಪ್ಪಿಕೊಂಡು ಬಂದ. ನಿವೃತ್ತಿಗೆ ಎರಡು ವರ್ಷ ಉಳಿದ ದಪ್ಪ ಮನುಷ್ಯ. ಕಾಲೇಜಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಯಾವ ಕಾಗದವೂ ಅವನು ಓದದೆ ತಲುಪಿದ ಚರಿತ್ರೆಯಿಲ್ಲ. ಅಂಟಿಸಿದ ಲಕೋಟೆಯನ್ನು ಬೆಳಕಿಗೆ ಹಿಡಿದು ಓದುವುದರಲ್ಲಿ ಎತ್ತಿದ ಕೈ.

“ಮೇಡಂ ಏನಾದ್ರೂ ಹೇಳಿದ್ರಾ?” ಮಿಲಿಗ್ರಾಂ ಪೆಟ್ಟಿಗೆಯನ್ನು ಇಳಿಸಿಕೊಳ್ಳುತ್ತ ಕೇಳಿದ.

“ಏನ್ ಹೇಳ್ತಾರೆ? ಎಲ್ಲಾ ಚೀಟೀಲಿದೆ, ಅವರ ಕೈಗೇ ಕೊಡಿ ಅಂದ್ರು. ನಾನೂ ನೋಡ್ದೆ. ಒಂದಕ್ಷರ ಅರ್ಥ ಆಗ್ಲಿಲ್ಲ. ನಿಮ್ಮ ಮೆಕ್ಯಾನಿಕ್ ಭಾಷೆ.”

ಚೀಟಿ ಎಂದರೆ ಕಾಲೇಜು ಅಚ್ಚು ಹಾಕಿಸಿದ, ರಿಪೇರಿಗೆ ಹೋಗುವ ಸಾಮಾನಿಗೆಲ್ಲ ದಾರದಲ್ಲಿ ಕಟ್ಟುವ ರಟ್ಟಿನ ತುಂಡು. ಅದರಲ್ಲಿ ಮೂರು ಸಾಲು. ‘ಉಪಕರಣ’ ಎಂಬಲ್ಲಿ, ತಕ್ಕಡಿ, ಏಳನೆಯದು. ‘ದೋಷ’ ಎಂಬಲ್ಲಿ ಇಂಗ್ಲಿಷಿನಲ್ಲಿ ಒಂದೇ ಪದ, ಪಾಂಡರಿಂಗ್. ‘ಯಾವಾಗ ಬೇಕು’ ಎಂಬಲ್ಲಿ, ‘ಒಂದು ವಾರ ಬೇಕು, ದಯವಿಟ್ಟು.’

ಮಿಲಿಗ್ರಾಂ ರಟ್ಟಿನ ಹಿಂಭಾಗ ತಿರುಗಿಸಿ ನೋಡಿದ. ಖಾಲಿ. ಪೆಟ್ಟಿಗೆಯೊಳಗೆ, ತೂಕಗಳನ್ನು ಇಡುವ ಮಖಮಲ್ಲಿನ ಗುಳಿಗಳಲ್ಲಿ, ತಳದ ಹಲಗೆಯಡಿಯಲ್ಲಿ ಹುಡುಕಿದ. ಪತ್ರವಿರಲಿಲ್ಲ. ಅವನ ಮುಖ ಸಪ್ಪಗಾಯಿತು. ನಾಲ್ಕು ದಿನದ ಮೇಲೆ ಆಕೆಯಿಂದ ಬಂದದ್ದು ಒಂದು ದೂರು, ಅಷ್ಟೇ.

ಆದರೆ ದೂರು ಎಂದರೆ ದೂರು. ಅದರಲ್ಲೂ ಆಕೆಯ ದೂರು.

ಅವನು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಸುಬಿನಲ್ಲಿ ಕಲಿತದ್ದು ಗಟ್ಟಿ. ತಕ್ಕಡಿಗಳಿಗೆ ಬರುವ ಕಾಯಿಲೆಗಳೆಲ್ಲ ಅವನ ಮಟ್ಟಿಗೆ ‘ಇಂಗ್’ನಲ್ಲೇ ಮುಗಿಯುತ್ತಿದ್ದವು. ಮುಳ್ಳು ಅಂಟಿಕೊಂಡರೆ ಸ್ಟಿಕಿಂಗ್. ನಿಂತ ಜಾಗ ಬಿಟ್ಟು ಮೆಲ್ಲಗೆ ಸರಿದರೆ ಡ್ರಿಫ್ಟಿಂಗ್. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಒಂದೆಡೆ ನಿಲ್ಲದೆ ಹಿಂದೆಮುಂದೆ ಹುಡುಕಾಡಿದರೆ ಹಂಟಿಂಗ್. ಹೀಗಿರುವಾಗ ಪಾಂಡರಿಂಗ್ ಎಂಬುದೊಂದು ಇರಲೇಬೇಕು. ತಾನು ಕಂಡಿಲ್ಲ, ಕಾಲೇಜಿನವರು ಕಂಡಿದ್ದಾರೆ. ಅವರು ಪುಸ್ತಕ ಓದುವ ಜನ.

ಹಳೆಯ ತಕ್ಕಡಿಯನ್ನು ಅವನು ಪೂರ್ತಿ ಬಿಚ್ಚಿದ. ಹಿತ್ತಾಳೆಯ ತೊಲೆ, ಎರಡು ತಟ್ಟೆ, ಉದ್ದನೆಯ ಮುಳ್ಳು. ತೊಲೆಯ ನಡುವೆ, ಅದರ ಭಾರವೆಲ್ಲ ನಿಲ್ಲುವ ಅಗೇಟ್ ಕಲ್ಲಿನ ಚೂಪಾದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದ. ಕೂದಲೆಳೆಯಷ್ಟೂ ಮುಕ್ಕಾಗಿರಲಿಲ್ಲ. ತೊಳೆದು, ಒರೆಸಿ, ಜೋಡಿಸಿ, ತೂಗಿ ನೋಡಿದ. ತೂಕ ಕರಾರುವಾಕ್ಕು. ಮತ್ತೆರಡು ಸಲ ಬಿಚ್ಚಿದ, ಮತ್ತೆರಡು ಸಲ ಜೋಡಿಸಿದ. ದೋಷ ಸಿಗಲಿಲ್ಲ.

“ಏನೋ ಅದು, ಆಗ್ಲಿಂದ ಅದರ ಮುಂದೆ ಕೈಕಟ್ಟಿ ಕೂತಿದೀಯ? ವರ ಕೊಡುತ್ತಾ?” ಅಕ್ಕ ದಾರ ಕಚ್ಚಿ ಕತ್ತರಿಸುತ್ತ ಕೇಳಿದಳು.

“ಪಾಂಡರಿಂಗ್ ಅಂತ ಬರೆದಿದಾರೆ. ಎಲ್ಲಿದೆ ಅಂತ ನೋಡ್ತಿದೀನಿ.”

“ಸಿಕ್ತಾ?”

“ಮುಳ್ಳು ನೋಡು. ಒಂದ್ಸಲ ಬಿಟ್ಟರೆ ನಲವತ್ತು ಸಲ ಆ ಕಡೆ ಈ ಕಡೆ ಓಲಾಡುತ್ತೆ. ನಿಲ್ಲೋಕೆ ಆರು ನಿಮಿಷ. ಅದೇ ಇರ್ಬೇಕು.”

“ನಿನ್ನ ಹಾಗೇ ಅಂತ ಹೇಳು.”

ಅಕ್ಕನ ಮಾತಿಗೆ ಅವನು ಕಿವಿಗೊಡಲಿಲ್ಲ, ಏಕೆಂದರೆ ಅವನಿಗೆ ಧರ್ಮಸಂಕಟ ಶುರುವಾಗಿತ್ತು. ಮುಳ್ಳು ಬಹಳ ಹೊತ್ತು ಓಲಾಡುವುದು ಒಳ್ಳೆಯ ತಕ್ಕಡಿಯ ಲಕ್ಷಣ. ಅಂಚು ಚೂಪಾಗಿದೆ, ಎಲ್ಲೂ ಉಜ್ಜುತ್ತಿಲ್ಲ ಎಂದರ್ಥ. ಕೆಟ್ಟ ತಕ್ಕಡಿಯೇ ಬೇಗ ನಿಲ್ಲುವುದು, ಅದೂ ತಪ್ಪು ಜಾಗದಲ್ಲಿ. ಈಗ ಆಕೆಗೆ ಬೇಗ ನಿಲ್ಲಬೇಕು, ಆದರೆ ಸರಿಯಾದ ಜಾಗದಲ್ಲೇ ನಿಲ್ಲಬೇಕು. ಆ ಅಂಚನ್ನು ಮೊಂಡು ಮಾಡುವ ಪಾಪವನ್ನಂತೂ ಅವನು ಯಾರಿಗಾಗಿಯೂ ಕಟ್ಟಿಕೊಳ್ಳುವವನಲ್ಲ.

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವಾಗ ದಾರಿ ಹೊಳೆಯಿತು. ಗಾಳಿ. ಚಲಿಸುವ ವಸ್ತುವನ್ನು ಗಾಳಿ ತಡೆಯುತ್ತದೆ, ನಿಂತ ವಸ್ತುವನ್ನು ಮುಟ್ಟುವುದಿಲ್ಲ. ಆದ್ದರಿಂದ ಗಾಳಿಯಿಂದ ತಡೆದರೆ ಮುಳ್ಳು ಬೇಗ ನಿಲ್ಲುತ್ತದೆ, ಆದರೆ ನಿಲ್ಲುವ ಜಾಗ ಬದಲಾಗುವುದಿಲ್ಲ. ಹೊಸ ಮಾದರಿಯ ಕೆಲವು ತಕ್ಕಡಿಗಳಲ್ಲಿ ಇಂಥ ಏರ್ಪಾಡನ್ನು ಅವನು ಕಂಡಿದ್ದ. ಮೂಲೆಯ ಡಬ್ಬದಲ್ಲಿ ಹಳೆಯ ಕ್ಯಾಮೆರಾ ರೀಲಿನ ಅಲ್ಯುಮಿನಿಯಂ ಡಬ್ಬಿಗಳಿದ್ದವು. ಎರಡನ್ನು ತಟ್ಟೆಗಳ ಮೇಲ್ಗಡೆ ತೂಗುಹಾಕಿ, ಅವುಗಳಿಗಿಂತ ತುಸು ದೊಡ್ಡ ಇನ್ನೆರಡನ್ನು ತಕ್ಕಡಿಯ ಕಂಬಕ್ಕೆ ಬಿಗಿದು, ಒಂದರೊಳಗೊಂದು ಮುಟ್ಟದೆ ಆಡುವಂತೆ ಮಾಡಿದ. ಎಡದ ಡಬ್ಬಿ, ಬಲದ ಡಬ್ಬಿ ಒಂದೇ ತೂಕ ಬರುವ ತನಕ ಅರ ಹಾಕಿ ಉಜ್ಜಿದ. ಬುಧವಾರ ಮಧ್ಯಾಹ್ನಕ್ಕೆ ಮುಳ್ಳು ಮೂರೇ ಓಲಾಟಕ್ಕೆ, ಮಾತು ಕೇಳುವ ಮಗುವಿನ ಹಾಗೆ, ಸೊನ್ನೆಯಲ್ಲಿ ಬಂದು ನಿಂತಿತು. ಮಿಲಿಗ್ರಾಂ ಒಂದು ಸಲ ಶಿಳ್ಳೆ ಹೊಡೆದ. ವಾರ ಕೇಳಿದ್ದರು, ಮೂರು ದಿನದಲ್ಲಿ ಮುಗಿಸಿದ್ದೇನೆ. ಕೆಲಸ ನೋಡಿಯಾದರೂ ಮನಸ್ಸು ಮಾಡಲಿ ಎಂಬ ಆಸೆ ಅದರೊಳಗಿತ್ತು.

ಹೊಸ ರಟ್ಟಿನ ಮೇಲೆ ತನ್ನ ಅತ್ಯುತ್ತಮ ಕೈಬರಹದಲ್ಲಿ ಬರೆದು ಕಟ್ಟಿದ: ‘ಪಾಂಡರಿಂಗ್ ಪೂರ್ತಿ ನಿಲ್ಲಿಸಲಾಗಿದೆ. ಇನ್ನು ಮುಂದೆ ಈ ತೊಂದರೆ ಇರುವುದಿಲ್ಲ.’

ಅಟೆಂಡರ್ ಬಂದು ಪೆಟ್ಟಿಗೆಯನ್ನು ಅಪ್ಪಿಕೊಂಡು ಹೋದ.

ಗುರುವಾರ ಬೆಳಿಗ್ಗೆ ಅದೇ ಅಟೆಂಡರ್ ಬರಿಗೈಯಲ್ಲಿ, ಜೇಬಿನಲ್ಲೊಂದು ಲಕೋಟೆ ಇಟ್ಟುಕೊಂಡು ಬಂದ. ಸಣ್ಣ ನೇರ ಅಕ್ಷರಗಳು. ಮಿಲಿಗ್ರಾಂ ಕುರ್ಚಿಯಿಂದೆದ್ದ ರಭಸಕ್ಕೆ ಮಡಿಲಲ್ಲಿದ್ದ ಸ್ಕ್ರೂಗಳೆಲ್ಲ ಚೆಲ್ಲಿದವು. ಲಕೋಟೆ ಒಡೆದ. ಒಳಗೆ ಎರಡೇ ಸಾಲು.

‘ತಿಳಿಯಿತು. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ. ಇನ್ನು ಈ ವಿಷಯ ಎತ್ತುವುದು ಬೇಡ.’

“ಕೆಟ್ಟ ಸುದ್ದೀನಾ?” ಎಂದ ಅಟೆಂಡರ್, ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿಯೇ ತಂದಿದ್ದರೂ. “ನಿನ್ನೆ ನಿಮ್ಮ ಚೀಟಿ ಓದಿ ಮೇಡಂ ಹಾಗೇ ಕೂತ್ಬಿಟ್ರು. ‘ಇಷ್ಟು ಬೇಗ ನಿಲ್ಲಿಸ್ಬಿಟ್ರಾ’ ಅಂದ್ರು. ನಾನಂದೆ, ಒಳ್ಳೇದೇ ಅಲ್ವಾ ಮೇಡಂ, ಕೆಲಸ ಬೇಗ ಆಯ್ತು. ನನ್ನ ಕಡೆ ನೋಡಿದ್ರು ನೋಡಿ, ನಾನು ಕಾಲಿಗೆ ಬುದ್ಧಿ ಹೇಳಿದೆ.”

ಅವನು ಹೋದ ಮೇಲೆ ಮಿಲಿಗ್ರಾಂ ಕಾಗದವನ್ನು ಹಿಡಿದು ನಿಂತೇ ಇದ್ದ. ಹೊಲಿಗೆ ಯಂತ್ರ ನಿಂತಿತು. ಅಕ್ಕ ಎದ್ದು ಬಂದು ಅವನ ಕೈಯಿಂದ ಕಾಗದ ಕಸಿದು ಓದಿದಳು.

“ಯಾವ ವಿಷಯ ಎತ್ತೋದು ಬೇಡ?”

ಅವನು ಬಗ್ಗಿ ಚೆಲ್ಲಿದ ಸ್ಕ್ರೂಗಳನ್ನು ಆಯತೊಡಗಿದ.

“ಲೋ, ನಿನ್ನನ್ನೇ ಕೇಳಿದ್ದು. ಯಾವ ವಿಷಯ?”

“ಮದುವೆ ವಿಷಯ.”

“ಯಾರ ಮದುವೆ?”

“ನಂದು.”

ಅಕ್ಕ ಅಲ್ಲೇ ಇದ್ದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. “ನೀನು ಕೇಳಿದ್ಯಾ? ನಿನ್ನ ಬಾಯಲ್ಲಿ? ಯಾರೂ ಬಂದೂಕು ಹಿಡ್ಕೊಂಡು ನಿಂತಿರ್ಲಿಲ್ವಾ ಹಿಂದೆ?” ಎಂದವಳು, ತಮ್ಮನ ಮುಖ ನೋಡಿ ತಮಾಷೆಯನ್ನು ನುಂಗಿಕೊಂಡಳು. “ಮೊದಲಿಂದ ಹೇಳು. ಒಂದನ್ನೂ ಬಿಡ್ಬೇಡ.”

ಅವನು ಹೇಳಿದ. ತಕ್ಕಡಿ ಕೋಣೆ, ಆರನೆಯ ತಕ್ಕಡಿ, ಕಾಟು, ‘ತಿಳಿಸ್ತೀನಿ’, ಸೋಮವಾರದ ರಟ್ಟು. ರಟ್ಟನ್ನು ಮೊಳೆಯಿಂದ ತೆಗೆದು ತೋರಿಸಿದ. ಅಕ್ಕ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು.

“ಪಾಂಡರಿಂಗ್ ಅಂದ್ರೇನು?”

“ಮುಳ್ಳು ಬಹಳ ಹೊತ್ತು ಓಲಾಡೋದು.”

“ಅಂತ ಯಾರು ಹೇಳಿದ್ರು?”

“ನಾನೇ.”

“ನಡಿ” ಎಂದಳು ಅಕ್ಕ. “ಚಪ್ಪಲಿ ಹಾಕ್ಕೋ.”

ಸಾರ್ವಜನಿಕ ಗ್ರಂಥಾಲಯ ಎರಡು ಬೀದಿ ಆಚೆ. ಅಲ್ಲಿಯ ಮೇಲ್ವಿಚಾರಕ ಬಾಯಿಗಿಂತ ತೋರುಬೆರಳಿನಲ್ಲೇ ಹೆಚ್ಚು ಮಾತಾಡುವ ಮನುಷ್ಯ. ಅಕ್ಕ “ಇಂಗ್ಲಿಷ್ ಪದಗಳ ಪುಸ್ತಕ ಯಾವ ಕಡೆ?” ಎಂದು ಸಂತೆಯ ದನಿಯಲ್ಲಿ ಕೇಳಿದಾಗ ಅವನ ತೋರುಬೆರಳು ಮೊದಲು ತುಟಿಗೆ ಹೋಗಿ ಆಮೇಲೆ ಕಿಟಕಿಯ ಕಡೆ ಹೋಯಿತು. ಅಲ್ಲಿ ಓರೆಯಾದ ಮರದ ಮೇಜಿನ ಮೇಲೆ, ಒಬ್ಬರೇ ಎತ್ತಲಾಗದಂಥ ನಿಘಂಟು ತೆರೆದು ಮಲಗಿತ್ತು. ಅರ್ಥಗಳು ಕನ್ನಡದಲ್ಲಿ, ಅಕ್ಷರ ಸಾಸಿವೆಗಿಂತ ಸಣ್ಣದು. ಮಿಲಿಗ್ರಾಂ ಜೇಬಿನಿಂದ ಭೂತಗನ್ನಡಿ ತೆಗೆದ.

“ಸಿಕ್ತು. ಪಾಂಡರ್. ಕ್ರಿಯಾಪದ.” ಅವನು ಪಿಸುಗುಟ್ಟಿದ. “ಆಳವಾಗಿ ಯೋಚಿಸು. ಪರ್ಯಾಲೋಚಿಸು. ಮನಸ್ಸಿನಲ್ಲಿ...” ಭೂತಗನ್ನಡಿ ಅಲ್ಲಿಯೇ ನಿಂತಿತು.

“ಮನಸ್ಸಿನಲ್ಲಿ?”

“ಮನಸ್ಸಿನಲ್ಲಿ ತೂಗಿ ನೋಡು.”

ಅಕ್ಕತಮ್ಮ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಪದ ಹುಟ್ಟಿದ ಬಗೆ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿತ್ತು. ಲ್ಯಾಟಿನಿನಲ್ಲಿ ‘ತೂಕ’ ಎಂಬುದಕ್ಕೆ ಇದ್ದ ಪದದಿಂದ ಬಂದದ್ದು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಮೊದಲು ಬೆಲೆ ಕಟ್ಟು, ಅಳೆದು ನೋಡು ಎಂಬ ಅರ್ಥವಿದ್ದು, ಆಮೇಲೆ ಯೋಚಿಸು ಎಂದಾಯಿತು. ಆ ‘ತೂಕ’ಕ್ಕೂ ಹಿಂದೆ ಹೋದರೆ ಬೇರು ‘ನೇತುಹಾಕು’ ಎಂಬ ಮಾತಿನಲ್ಲಿದೆ. ತೂಗಬೇಕಾದದ್ದನ್ನು ತಕ್ಕಡಿಗೆ ನೇತುಹಾಕುತ್ತಿದ್ದರಲ್ಲ, ಹಾಗಾಗಿ.

“ಅದರಲ್ಲೇನು ವಿಶೇಷ?” ಅಕ್ಕ ಅಂದಳು. “ನಮ್ಮಲ್ಲೂ ಹಾಗೇ ಅಲ್ವಾ? ಗೋಡೆಗೆ ಚಿತ್ರ ತೂಗುಹಾಕ್ತೀವಿ, ಅಂಗಡೀಲಿ ಅಕ್ಕಿ ತೂಗ್ತೀವಿ. ಎರಡಕ್ಕೂ ಒಂದೇ ಮಾತು. ತೊಟ್ಟಿಲು ತೂಗ್ತೀವಿ, ಹಾಡು ಚೆನ್ನಾಗಿದ್ರೆ ತಲೆ ತೂಗ್ತೀವಿ. ಅವರ ಊರಿನವರಿಗೂ ನಮಗೂ ಒಂದೇ ಬುದ್ಧಿ ಹೊಳೆದಿದೆ.”

ಮಿಲಿಗ್ರಾಂ ಅಕ್ಕನನ್ನು ಬೆರಗಿನಿಂದ ನೋಡಿದ. ಮೂವತ್ತು ವರ್ಷ ದಿನಕ್ಕೆ ನೂರು ಸಲ ಬಳಸಿದ ಮಾತು. ಒಂದು ದಿನವೂ ಅದನ್ನು ಬಿಚ್ಚಿ ಒಳಗೆ ನೋಡಿರಲಿಲ್ಲ.

“ಇದರ ಬಳಗ ಅಂತ ಕೆಳಗೆ ಕೊಟ್ಟಿದಾರೆ. ಪೌಂಡು, ಪೆಂಡೆಂಟು, ಪೆಂಡಿಂಗು, ಸಸ್ಪೆಂಡು...”

“ಸರಿಯಾಗೇ ಇದೆ!” ಅಕ್ಕನ ದನಿ ಏರಿತು. “ಆ ಹೆಂಗಸು ನಿನ್ನ ಕೇಸು ಪೆಂಡಿಂಗ್ ಇಟ್ಟಿತ್ತು, ನೀನೇ ಹೋಗಿ ಸಸ್ಪೆಂಡ್ ಮಾಡ್ಕೊಂಡು ಬಂದಿದೀಯ!”

ತೋರುಬೆರಳು ತುಟಿಗೆ ಹೋಯಿತು. ಅಕ್ಕ ಲೆಕ್ಕಿಸಲಿಲ್ಲ. ಆದರೆ ಮಿಲಿಗ್ರಾಂಗೆ ಆ ಹೊತ್ತಿಗೆ ಎರಡೂ ರಟ್ಟುಗಳು ಅಕ್ಕಪಕ್ಕ ಕಾಣಿಸುತ್ತಿದ್ದವು. ಆಕೆ ಬರೆದದ್ದು, ತೂಗಿ ನೋಡುತ್ತಿದ್ದೇನೆ, ಒಂದು ವಾರ ಬೇಕು, ದಯವಿಟ್ಟು. ತಾನು ಬರೆದದ್ದು, ತೂಗಿ ನೋಡುವುದನ್ನು ಪೂರ್ತಿ ನಿಲ್ಲಿಸಲಾಗಿದೆ, ಇನ್ನು ಮುಂದೆ ಈ ತೊಂದರೆ ಇರುವುದಿಲ್ಲ. ಅದೂ ಅತ್ಯುತ್ತಮ ಕೈಬರಹದಲ್ಲಿ.

“ಅಕ್ಕಾ, ನಾನು ಈಗ್ಲೇ...”

“ಹೋಗೋ ಅಂದ್ರೆ! ಇದನ್ನೂ ಅಳೀಬೇಡ.”

ಅವನು ಓಡಿದ. ನಲವತ್ತೊಂಬತ್ತರ ಮನುಷ್ಯ, ಒಂದು ಕೈಯಲ್ಲಿ ಭೂತಗನ್ನಡಿ. ದಾರಿಯಲ್ಲಿ ಯಾರೋ “ಮಿಲಿಗ್ರಾಂ, ಏನ್ ಕಳೆದ್ಹೋಯ್ತು?” ಎಂದು ಕೂಗಿದರು. ಅಕ್ಕ ಹಿಂದೆಯೇ ಹೊರಟಳು. ಮಂಡಿನೋವಿನವಳಾದ್ದರಿಂದ ಅವಳ ವೇಗ ಬೇರೆ, ಕುತೂಹಲದ ವೇಗ ಬೇರೆ. ಎರಡೂ ಸೇರಿ ಅವಳು ಹೇಗೋ ಕಾಲೇಜಿನ ಮೆಟ್ಟಿಲ ಬುಡ ತಲುಪಿ, ಅಲ್ಲಿಯ ಬೆಂಚಿನ ಮೇಲೆ ಕೂತುಬಿಟ್ಟಳು.

ಲ್ಯಾಬಿನಲ್ಲಿ ಪ್ರಾಕ್ಟಿಕಲ್ ನಡೆಯುತ್ತಿತ್ತು. ಮೂವತ್ತು ವಿದ್ಯಾರ್ಥಿಗಳು ಗಾಜಿನ ಕೊಳವೆಗಳಿಂದ ಹನಿ ಎಣಿಸುತ್ತಿದ್ದರು. ಏದುಸಿರು ಬಿಡುತ್ತ ನುಗ್ಗಿದವನನ್ನು ನೋಡಿ ಮೂವತ್ತೂ ಜನ ಹನಿಯ ಲೆಕ್ಕ ತಪ್ಪಿದರು. ಮೇಡಂ ತಕ್ಕಡಿ ಕೋಣೆಯಲ್ಲಿದ್ದರು. ಮಿಲಿಗ್ರಾಂ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಮೂವತ್ತು ಜನ ಗಾಜಿನ ಕಿಂಡಿಯ ಕಡೆ ಸರಿದರು.

ಆಕೆ ಏಳನೆಯ ತಕ್ಕಡಿಯ ಮುಂದೆ ಕೂತಿದ್ದರು. ತಟ್ಟೆಗಳು ಖಾಲಿ. ತಿರುಗಿ ನೋಡಲಿಲ್ಲ.

“ತಕ್ಕಡಿ ಚೆನ್ನಾಗಿ ಮಾಡಿದೀರ” ಎಂದರು ಪಿಸುದನಿಯಲ್ಲಿ. “ಮೂರೇ ಸಲಕ್ಕೆ ನಿಲ್ಲುತ್ತೆ. ಇಷ್ಟೆಲ್ಲ ಮಾಡೋ ಅಗತ್ಯ ಇರ್ಲಿಲ್ಲ. ಬೇಡ ಅಂತ ನೇರವಾಗಿ ಬರೀಬಹುದಿತ್ತು.”

“ನಾನು ಬೇಡ ಅಂದಿಲ್ಲ ಮೇಡಂ.”

“ಮತ್ತೆ? ನಿಲ್ಲಿಸಲಾಗಿದೆ. ಈ ತೊಂದರೆ ಇರುವುದಿಲ್ಲ.”

“ಅದು ತಕ್ಕಡಿಗೆ ಹೇಳಿದ್ದು!” ಪಿಸುದನಿ ಹಾರಿಹೋಯಿತು, ಪಕ್ಕದ ನಾಲ್ಕು ಮುಳ್ಳುಗಳು ನಡುಗಿದವು. “ದೋಷ ಅಂತ ಇರೋ ಕಡೆ ಬರೆದಿದ್ರಿ. ಸ್ಟಿಕಿಂಗು, ಹಂಟಿಂಗು, ಡ್ರಿಫ್ಟಿಂಗು, ಹಾಗೇ ಇದೂ ಒಂದು ಅನ್ಕೊಂಡೆ. ಒಂದಿಡೀ ದಿನ ಹುಡುಕಿದೀನಿ. ಮೂರು ಸಲ ಬಿಚ್ಚಿದೀನಿ. ಈಗ ಹತ್ತು ನಿಮಿಷದ ಹಿಂದೆ ಲೈಬ್ರರೀಲಿ ಗೊತ್ತಾಯ್ತು, ಅದು ತಕ್ಕಡೀಗೆ ಬರೋ ಕಾಯಿಲೆ ಅಲ್ಲ, ಮನುಷ್ಯರಿಗೆ ಬರೋದು ಅಂತ.”

ಮೇಡಂ ಈಗ ತಿರುಗಿದರು. ಅವನ ಕೈಯಲ್ಲಿದ್ದ ಭೂತಗನ್ನಡಿ, ಎದೆಯ ಮೇಲಿನ ಬೆವರು, ಇಂಗು ತಿಂದ ಮಂಗನಂಥ ಮುಖ, ಎಲ್ಲವನ್ನೂ ಒಂದೊಂದಾಗಿ ನೋಡಿದರು. “ಇಡೀ ದಿನ ಹುಡುಕಿದ್ರಾ? ಪಾಂಡರಿಂಗನ್ನ?”

“ಡಬ್ಬಿ ಕಟ್ಟಿ ನಿಲ್ಲಿಸಿದೀನಿ.”

ಆಕೆ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಕಟ್ಟೆಯನ್ನು ಹಿಡಿದುಕೊಂಡರು. ಆಮೇಲೆ ಆ ಕೋಣೆ ಕಟ್ಟಿದ ದಿನದಿಂದ ಅದರೊಳಗೆ ಯಾರೂ ನಗದ ಹಾಗೆ ನಕ್ಕರು. ಏಳು ತಕ್ಕಡಿಗಳ ಮುಳ್ಳುಗಳೂ ದಿಕ್ಕಾಪಾಲಾದವು. ಹನ್ನೊಂದು ವರ್ಷ ತುಟಿ ಕಚ್ಚಿ ತಡೆದದ್ದೆಲ್ಲ ಮಿಲಿಗ್ರಾಮನೊಳಗಿಂದಲೂ ಒಟ್ಟಿಗೆ ಎದ್ದು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಮಾತಾಡಲು ಹೋಗಿ ‘ಡಬ್ಬಿ’ ಎಂಬಲ್ಲಿಗೆ ಬಂದು ಮತ್ತೆ ಮುರಿದುಬೀಳುತ್ತಿದ್ದರು. ಗಾಜಿನಾಚೆ ಒಬ್ಬ ವಿದ್ಯಾರ್ಥಿ ಕೊಳವೆಯನ್ನು ಮರೆತು, ಅವನ ದ್ರಾವಣ ಕಡುಗೆಂಪಾಗಿ ಹೋಯಿತು.

“ಅಟೆಂಡರ್ ಓದ್ತಾನಲ್ಲ ಎಲ್ಲಾನೂ,” ಮೇಡಂ ಕಣ್ಣೊರೆಸಿಕೊಂಡರು. “ಅವನಿಗೆ ಗೊತ್ತಿಲ್ಲದ ಪದ ಬೇಕಿತ್ತು. ಥಿಂಕಿಂಗ್ ಅಂತ ಬರೆದ್ರೆ ಕ್ಯಾಂಟೀನಿನವರಿಗೂ ಗೊತ್ತಾಗೋದು. ಕನ್ನಡದಲ್ಲಿ ‘ಯೋಚಿಸುತ್ತಿದ್ದೇನೆ’ ಅಂತ ಬರೆಯೋಕೆ ಭಯ. ಆಫೀಸಿನವರು ‘ಯೋಚನೆ ಮಾಡೋಣ’ ಅಂದ್ರೆ ಏನರ್ಥ ಅಂತ ಇಡೀ ಲೋಕಕ್ಕೇ ಗೊತ್ತು, ಆಗಲ್ಲ ಅಂತ. ಕೊನೆಗೆ ಈ ಪದ ಹೊಳೀತು. ತೂಕದವರಿಗೆ ತೂಕದ ಪದ, ಎಷ್ಟು ಚೆನ್ನಾಗಿದೆ, ಅವರು ಖುಷಿ ಪಡ್ತಾರೆ ಅನ್ಕೊಂಡೆ. ನನ್ನ ಜಾಣತನಕ್ಕಿಷ್ಟು!”

“ನಾನೇ ಮಂಕು.”

“ಇಬ್ಬರೂ.” ಆಕೆ ಮತ್ತೆ ತಕ್ಕಡಿಗಳ ಕಡೆ ತಿರುಗಿದರು. ಮುಳ್ಳುಗಳು ಒಂದೊಂದಾಗಿ ಸಮಾಧಾನವಾಗತೊಡಗಿದವು, ಡಬ್ಬಿ ಕಟ್ಟಿದ್ದು ಎಲ್ಲಕ್ಕಿಂತ ಮೊದಲು.

“ಡಬ್ಬಿ ಬೇಡ ಅಂದ್ರೆ ಬಿಚ್ಚಿಕೊಡ್ತೀನಿ. ವಾರ ಕೇಳಿದ್ರಿ, ಸೋಮವಾರದ ತನಕ ಇದೆ. ನಾನು ಕಾಯ್ತೀನಿ” ಎಂದ ಮಿಲಿಗ್ರಾಂ.

“ಡಬ್ಬಿ ಇರಲಿ. ಹುಡುಗರಿಗೆ ಅನುಕೂಲ.” ಆಕೆ ತಕ್ಕಡಿಯ ಗಾಜಿನ ಬಾಗಿಲನ್ನು ಇಳಿಸಿದರು. “ಬುಧವಾರದ ತನಕ ನಾನು ನಿಜವಾಗ್ಲೂ ತೂಗ್ತಾನೇ ಇದ್ದೆ, ಗೊತ್ತಾ? ಈ ಕಡೆ ನನ್ನ ಮನೆ, ನನ್ನ ಪುಸ್ತಕ, ನಾನೊಬ್ಬಳೇ ಇದ್ದು ರೂಢಿಯಾದ ಸಂಜೆ. ಆ ಕಡೆ ನೀವು. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಎಷ್ಟು ತೂಗಿದ್ರೂ ಗೊತ್ತಾಗ್ಲಿಲ್ಲ. ನಿಮ್ಮ ಚೀಟಿ ಬಂತು. ತಟ್ಟೆಯಿಂದ ನಿಮ್ಮನ್ನ ಎತ್ತಿಬಿಟ್ಟ ಹಾಗಾಯ್ತು.”

“ಆಮೇಲೆ?”

“ಆಮೇಲೆ ಏನು, ನಿಮಗೇ ಗೊತ್ತಿಲ್ವಾ? ಎತ್ತಿದ ಮೇಲೆ ತಟ್ಟೆ ಎಷ್ಟು ಮೇಲೆ ಹಾರುತ್ತೆ ಅನ್ನೋದ್ರಲ್ಲೇ ಅದರಲ್ಲಿ ಎಷ್ಟಿತ್ತು ಅಂತ ಗೊತ್ತಾಗೋದು.” ಆಕೆ ಅವನತ್ತ ನೋಡದೆ ತೂಕದ ಪೆಟ್ಟಿಗೆ ಮುಚ್ಚಿದರು. “ನಿನ್ನೆ ಸಂಜೆ ನಾನು ಅನ್ನ ತಟ್ಟೆಗೆ ಹಾಕ್ಕೊಂಡು, ಉಪ್ಪು ಹಾಕಿದೀನೋ ಇಲ್ವೋ ಅಂತಾನೂ ಗೊತ್ತಾಗದೆ ತಿಂದೆ. ಅದಕ್ಕಿಂತ ದೊಡ್ಡ ರೀಡಿಂಗ್ ಬೇಕಾ?”

ಮಿಲಿಗ್ರಾಂ ಜೀವಮಾನದಲ್ಲಿ ಮೊದಲ ಬಾರಿಗೆ ‘ಎಷ್ಟು?’ ಎಂದು ಕೇಳಲಿಲ್ಲ.

ತರಗತಿ ಮುಗಿಸಿ ಇಬ್ಬರೂ ಮೆಟ್ಟಿಲಿಳಿದು ಬರುವಾಗ ಅಕ್ಕ ಬೆಂಚಿನ ಮೇಲಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ತಮ್ಮನ ಮುಖ ಎಂದಿನಂತೆ ಗಂಭೀರ, ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಹೆಂಗಸಿನ ಮುಖ ಅತ್ತ ಹಾಗೂ ಇತ್ತು, ನಕ್ಕ ಹಾಗೂ ಇತ್ತು. ಅಕ್ಕ ಮರ್ಯಾದೆಗೆ ಎದ್ದು ನಿಂತು, “ನಮ್ಮವನಿಂದ ತಪ್ಪಾಯ್ತು ಮೇಡಂ, ಮನಸ್ಸಿಗೆ ಹಚ್ಕೋಬೇಡಿ. ಕೈ ಚುರುಕು, ತಲೆ ನಿಧಾನ” ಎಂದು ಶುರು ಮಾಡಿದಳು.

“ಮಂಡಿನೋವು ಇಟ್ಕೊಂಡು ಇಷ್ಟು ದೂರ ಯಾಕೆ ನಡೆದು ಬಂದ್ರಿ, ಅತ್ತಿಗೆ?” ಎಂದರು ಮೇಡಂ.

ಅಕ್ಕ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ತಮ್ಮನ ಕಡೆ ನೋಡಿದಳು. ಅವನು ನೆಲ ನೋಡುತ್ತ, ಕಿವಿಯವರೆಗೆ ನಗುತ್ತಿದ್ದ.

“ಅತ್ತಿಗೆ ಅಂತೆ, ಅತ್ತಿಗೆ!” ಅಕ್ಕನ ಬಾಯಿಂದ ‘ಮೇಡಂ’ ಆ ಕ್ಷಣಕ್ಕೇ ಬಿದ್ದುಹೋಯಿತು. ಸೆರಗಿನಲ್ಲಿ ಕಣ್ಣೊತ್ತಿಕೊಂಡು, ಆಕೆಯ ತೋಳು ಹಿಡಿದು, ಹೊಲಿಗೆಯವಳ ಕಣ್ಣಿನಿಂದ ಭುಜದಿಂದ ಭುಜಕ್ಕೆ ಒಮ್ಮೆ ನೋಡಿದಳು. “ಬಾರೇ ಈ ಕಡೆ. ನೆಟ್ಟಗೆ ನಿಂತ್ಕೋ. ಅಳತೆ ತಗೋಬೇಕು.”